ನೋವೋ ತುರಿಕೆಯೋ

ಎರಡು ಮುಖಗಳೂ ತಿಳಿಯಾಗಿದ್ದವು. ಅದೇ ತಪ್ಪು. ಆಳೆತ್ತರದ ಪೋಸ್ಟರಿನಲ್ಲಿ ಎಡಗಡೆಯ ಹುಡುಗನ ಕೆಳಗೆ ‘ಇದು ಮೊಡವೆ’ ಎಂದೂ ಬಲಗಡೆಯ ಹುಡುಗಿಯ ಕೆಳಗೆ ‘ಇದು ಮೊಡವೆಯಲ್ಲ’ ಎಂದೂ ಬೆರಳುದ್ದದ ಅಕ್ಷರಗಳಲ್ಲಿ ಅಚ್ಚಾಗಿತ್ತು. ಇಬ್ಬರ ಹಣೆ, ಕೆನ್ನೆ, ಗದ್ದಗಳೂ ಆಗತಾನೆ ತೊಳೆದಿಟ್ಟ ಪಿಂಗಾಣಿ ತಟ್ಟೆಯ ಹಾಗೆ ಹೊಳೆಯುತ್ತಿದ್ದವು. ಪೋಸ್ಟರ್ ಮಾಡಿಸಿದ ಚರ್ಮದ ಡಾಕ್ಟರು, ಐವತ್ತು ದಾಟಿದ ಹೆಂಗಸು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ನೋಡಿದರು. ಸ್ಟುಡಿಯೋದ ಮಾಲೀಕ ಅವರ ಪಕ್ಕದಲ್ಲಿ ನಿಂತು, ಬಣ್ಣ ಚೆನ್ನಾಗಿ ಬಂದಿದೆ ಎಂಬ ಮಾತಿಗೆ ಕಾಯುತ್ತಿದ್ದ. ರಬ್ಬರಕ್ಕನಿಗೆ ಮಾತ್ರ ತನ್ನ ಮೇಜಿನಿಂದಲೇ, ಡಾಕ್ಟರ ಕುತ್ತಿಗೆ ಎರಡನೆಯ ಸಲ ಎಡಕ್ಕೆ ತಿರುಗಿದ್ದನ್ನು ಕಂಡಾಗಲೇ, ತಪ್ಪು ಗೊತ್ತಾಯಿತು. ನಿನ್ನೆ ಮಧ್ಯಾಹ್ನ ಆ ಎರಡು ಚಿತ್ರಗಳನ್ನು ತೆರೆದದ್ದು ನೆನಪಿತ್ತು, ಮುಚ್ಚಿದ್ದು ನೆನಪಿತ್ತು. ನಡುವೆ ಕೈ ಏನು ಮಾಡಿತೆಂಬುದು ನೆನಪಿರಲಿಲ್ಲ. ಹನ್ನೊಂದು ವರ್ಷದಿಂದ ಮಾಡುತ್ತ ಬಂದದ್ದನ್ನೇ ಅದು ಮಾಡಿತ್ತು.

ಅವಳಿಗೆ ಆ ಹೆಸರು ಬಂದದ್ದೂ ಆ ಕೈಯಿಂದಲೇ. ಸ್ಟುಡಿಯೋದಲ್ಲಿ ಫೋಟೋ ತೆಗೆಯುವವರು ಬೇರೆ. ತೆಗೆದ ಮುಖಗಳನ್ನು ಕಂಪ್ಯೂಟರಿನಲ್ಲಿ ತಿದ್ದುವವಳು ಇವಳು. ಕೆಲಸಕ್ಕೆ ಸೇರಿದ ದಿನ ಮಾಲೀಕ ಹೇಳಿಕೊಟ್ಟ ಪಾಠ ಒಂದೇ: ಮಚ್ಚೆ ಬಿಡು, ಮೊಡವೆ ತೆಗೆ. ಮಚ್ಚೆ ಮನುಷ್ಯನದು, ಮೊಡವೆ ಆ ವಾರದ್ದು. ಈ ಪಾಠವನ್ನು ಅವಳು ಎಷ್ಟು ಅರೆದು ಕುಡಿದಿದ್ದಳೆಂದರೆ, ಬಸ್ಸಿನಲ್ಲಿ ಎದುರಿಗೆ ಕೂತವರ ಗದ್ದದಲ್ಲಿ ಒಂದು ಕೆಂಪು ಗುಳ್ಳೆ ಕಂಡರೂ ತೋರುಬೆರಳು ತನ್ನಷ್ಟಕ್ಕೆ ತಾನೇ ತೊಡೆಯ ಮೇಲೆ ಒಂದು ಸಲ ಒತ್ತುತ್ತಿತ್ತು. ಮಾಲೀಕ ಈಗ ಎಲ್ಲರೆದುರಿಗೆ ತರಾಟೆಗೆ ತೆಗೆದುಕೊಳ್ಳತೊಡಗಿದ. ಕೆಳಗೆ ಅಷ್ಟು ದಪ್ಪ ಅಕ್ಷರದಲ್ಲಿ ಬರೆದಿದೆಯಲ್ಲ, ಓದಲು ಬರುವುದಿಲ್ಲವೇ, ಕಣ್ಣನ್ನು ಮನೆಯಲ್ಲಿಟ್ಟು ಬಂದಿದ್ದೆಯಾ ಎಂದ. ಅಚ್ಚಿನ ಯಂತ್ರದ ಹತ್ತಿರ ನಿಂತಿದ್ದವನು ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿಕೊಂಡ. ರಬ್ಬರಕ್ಕ ಎದ್ದು ನಿಂತಿದ್ದಳು, ಯಾಕೆ ನಿಂತೆನೆಂದು ತಿಳಿಯದೆ. ನಲವತ್ತೆರಡು ವರ್ಷದ ಹೆಂಗಸು ಶಾಲೆಯ ಹುಡುಗಿಯ ಹಾಗೆ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. ಅಷ್ಟರಲ್ಲಿ ಡಾಕ್ಟರು ನಕ್ಕುಬಿಟ್ಟರು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

“ಬಿಡಿ, ಬೈಬೇಡಿ. ಇಪ್ಪತ್ತೈದು ವರ್ಷದ ಪ್ರಾಕ್ಟೀಸಲ್ಲಿ ನಾನು ಯಾರನ್ನೂ ಇಷ್ಟು ಬೇಗ ವಾಸಿ ಮಾಡಿಲ್ಲ.”

ಮೂಲ ಚಿತ್ರಗಳು ಅಳಿಸಿಹೋಗಿರಲಿಲ್ಲ. ಡಾಕ್ಟರು ಒಂದು ಕುರ್ಚಿಯನ್ನು ತಾವೇ ಎಳೆದುಕೊಂಡು ರಬ್ಬರಕ್ಕನ ಪಕ್ಕದಲ್ಲಿ ಕೂತರು. ಯಾವುದು ಯಾಕೆ ಮುಖದ ಮೇಲಿದೆ ಎಂದು ಒಮ್ಮೆ ಗೊತ್ತಾದರೆ ಕೈ ತಾನಾಗಿಯೇ ನಿಲ್ಲುತ್ತದೆ ಎನ್ನುವುದು ಅವರ ವಾದ. ಅವರ ಬಟ್ಟೆಯಿಂದ ಆಸ್ಪತ್ರೆಯ ಸೋಪಿನ ವಾಸನೆ ಬರುತ್ತಿತ್ತು. ಮೊದಲು ಹುಡುಗನ ಮುಖವನ್ನು ಪರದೆಯ ತುಂಬ ದೊಡ್ಡದು ಮಾಡಿಸಿದರು. ನೋಡಿ, ಒಂದರ ಹಾಗೆ ಒಂದಿಲ್ಲ. ಒಂದು ದಪ್ಪ, ಒಂದು ಸಣ್ಣ, ಒಂದರ ತಲೆ ಕಪ್ಪು, ಒಂದರದು ಬಿಳಿ, ಇದೊಂದು ಒಳಗೇ ಗಂಟಾಗಿದೆ, ಇದು ನಮ್ಮ ಮಾಮೂಲಿ ಮೊಡವೆ. ಇದೆಲ್ಲ ರಬ್ಬರಕ್ಕನಿಗೆ ಹೊಸದಲ್ಲ. ಪ್ರತಿಯೊಂದಕ್ಕೂ ಬೇರೆ ಬೇರೆ ಅಳತೆಯ ಕುಂಚ ಬೇಕಾಗುತ್ತದೆಂಬುದು ಅವಳ ಕೈಗೆ ಗೊತ್ತಿತ್ತು. ಆಮೇಲೆ ಹುಡುಗಿಯ ಮುಖ ಬಂತು. ಹಣೆಯ ತುಂಬ, ಕೂದಲು ಹುಟ್ಟುವ ಅಂಚಿನಲ್ಲಿ, ಕಣತಲೆಯ ಮೇಲೆ, ಒಂದೇ ಜರಡಿಯಲ್ಲಿ ಜರಡಿ ಹಿಡಿದು ಚೆಲ್ಲಿದ ಹಾಗೆ ಒಂದೇ ಗಾತ್ರದ ನೂರಾರು ಪುಟ್ಟ ಗುಳ್ಳೆಗಳು. ಕಪ್ಪು ತಲೆಯ ಒಂದು ಗುಳ್ಳೆಯೂ ಇಲ್ಲ. ಮರಳು ಕಾಗದದ ಮೇಲೆ ಓರೆಯಾಗಿ ಬೆಳಕು ಬಿದ್ದ ಹಾಗಿತ್ತು. ಈ ಹಣೆಯನ್ನು ತಾನು ನೋಡಿದ್ದೇನೆ ಎಂದು ರಬ್ಬರಕ್ಕನಿಗೆ ಅನ್ನಿಸಿತು. ನೋಡಿದ್ದಕ್ಕಿಂತ ಹೆಚ್ಚಾಗಿ ಮುಟ್ಟಿದ್ದೇನೆ ಎಂದು ಅನ್ನಿಸಿತು. ಬಲಗೈಯ ಮೂರು ಬೆರಳ ತುದಿಗಳಲ್ಲಿ ಅದರ ತರಿತರಿ ಎದ್ದುಬಂತು.

ಡಾಕ್ಟರು ಹೇಳುತ್ತಲೇ ಇದ್ದರು. ಇದು ಒಂದು ಜಾತಿಯ ಬೂಷ್ಟು, ಫಂಗಸ್, ಎಲ್ಲರ ಚರ್ಮದ ಮೇಲೂ ತೆಪ್ಪಗೆ ಬಿದ್ದಿರುತ್ತದೆ. ಬೆವರು, ಬಿಗಿಯಾದ ಪಟ್ಟಿ, ಹಣೆಗೆ ಇಳಿಬಿಟ್ಟ ಕೂದಲು, ಇಂಥವು ಸಿಕ್ಕಿದರೆ ಕೂದಲ ಬುಡದ ಗುಳಿಗೆ ಇಳಿದು ಸಂಸಾರ ಹೂಡುತ್ತದೆ. ಜನ ಮೊಡವೆಯೆಂದುಕೊಂಡು ತಿಂಗಳುಗಟ್ಟಲೆ ಮೊಡವೆಯ ಔಷಧಿ ಹಚ್ಚುತ್ತಾರೆ, ಮಾತ್ರೆ ನುಂಗುತ್ತಾರೆ. ಕೆಲವು ಮಾತ್ರೆಗಳು ಪಕ್ಕದ ಕ್ರಿಮಿಗಳನ್ನು ಕೊಂದು ಇದಕ್ಕೇ ಜಾಗ ಖಾಲಿ ಮಾಡಿಕೊಡುತ್ತವೆ.

“ನಾನು ಮೊದ್ಲು ಕೇಳೋದು ಒಂದೇ. ನೋಯತ್ತಾ, ತುರಿಸತ್ತಾ? ನೋಯತ್ತೆ ಅಂದ್ರೆ ಒಂದು ಕಡೆ ಯೋಚನೆ ಮಾಡ್ತೀನಿ, ತುರಿಸತ್ತೆ ಅಂದ್ರೆ ಇನ್ನೊಂದು ಕಡೆ. ಆಮೇಲೆ, ಏನು ಹಚ್ತಿದೀರಿ ಅಂತ ಕೇಳ್ತೀನಿ. ಎಣ್ಣೆ ಅಂದ್ರೆ ಮುಗೀತು. ಅದಕ್ಕೆ ಎಣ್ಣೆನೇ ಊಟ.”

“ಬೆಚ್ಚಗೆ ಮಾಡಿ ಹಚ್ಚಿದ್ರೂನಾ?”

“ಹಾಗಾದ್ರೆ ಬಿಸಿ ಊಟ,” ಎಂದು ಡಾಕ್ಟರು ಮತ್ತೆ ನಕ್ಕರು.

ಎಂಟು ತಿಂಗಳ ಹಿಂದಿನ ಒಂದು ಸಂಜೆ ಮನೆಯಲ್ಲಿ ಹುಡುಗಿ, ಗಂಡನ ಮೊದಲ ಹೆಂಡತಿಯ ಮಗಳು, ಅಡುಗೆಮನೆಗೆ ಬಂದು ಗಿಡ್ಡ ಸ್ಟೂಲನ್ನು ಎಳೆದುಕೊಂಡು ರಬ್ಬರಕ್ಕನಿಗೆ ಬೆನ್ನು ಮಾಡಿ ಕೂತಿದ್ದಳು. ಪಕ್ಕದ ಮನೆಯಾಕೆ ಹೇಳಿದ್ದರಂತೆ, ಬೆಚ್ಚನೆ ಎಣ್ಣೆ ತಿಕ್ಕಿದರೆ ಹಣೆಯ ಗುಳ್ಳೆ ಹೋಗುತ್ತವೆ ಎಂದು. ಆ ಮನೆಗೆ ಬಂದು ರಬ್ಬರಕ್ಕನಿಗೆ ಆಗ ಮೂರು ವರ್ಷ. ತೀರಿಹೋದ ಒಬ್ಬಳ ಜಾಗಕ್ಕೆ ತಾನು ಬಂದವಳು, ಅವಸರ ಮಾಡಬಾರದು ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಲೇ ಮೂರು ವರ್ಷ ಕಳೆದಿತ್ತು. ಹುಡುಗಿ ಒರಟಾಗಿ ಒಂದು ಮಾತು ಆಡಿದವಳಲ್ಲ. ಆದರೆ ಚಿಕ್ಕಮ್ಮ ಎಂದಾಗಲಿ ಇನ್ನೇನಾದರೂ ಆಗಲಿ ಕರೆದವಳೂ ಅಲ್ಲ. ಕರೆಯಬೇಕಾದಾಗ ಎದುರಿಗೆ ಬಂದು ನಿಂತು, ಇವಳು ತಲೆಯೆತ್ತುವ ತನಕ ಕಾದು, ಆಮೇಲೆ ಮಾತು ಶುರುಮಾಡುತ್ತಿದ್ದಳು. ಅಂಥವಳು ಅಂದು ಕಣ್ಣು ಮುಚ್ಚಿ ತಲೆಯನ್ನು ಹಿಂದಕ್ಕೆ ಇವಳ ಮಡಿಲಿನ ಕಡೆ ಚಾಚಿದಾಗ ರಬ್ಬರಕ್ಕನಿಗೆ ಉಸಿರಾಡಲು ಹೆದರಿಕೆಯಾಗಿತ್ತು. ಮೂರು ಬೆರಳನ್ನು ಎಣ್ಣೆಯಲ್ಲಿ ಅದ್ದಿ ಹಣೆಯ ನಡುವಿನಿಂದ ಕಣತಲೆಗೆ, ಕಣತಲೆಯಿಂದ ಕಿವಿಯ ಮುಂದಕ್ಕೆ, ಅಲ್ಲಿ ನಿಲ್ಲಿಸಿ ಮತ್ತೆ ನಡುವಿನಿಂದ. ಹತ್ತು ನಿಮಿಷ. ಅವಳ ದಿನದ ಉಳಿದ ಗಂಟೆಗಳೆಲ್ಲ ಆ ಹತ್ತು ನಿಮಿಷದ ಸುತ್ತ ಜೋಡಿಸಿಕೊಂಡವು. ಒಂದು ಸಂಜೆ ಗಂಡ ಬಾಗಿಲಲ್ಲಿ ನಿಂತು, ಏನು ಇಬ್ಬರೂ ರಾಜಿಯಾದಿರಾ ಎಂದು ತಮಾಷೆ ಮಾಡಿದ್ದಕ್ಕೆ, ರಾತ್ರಿಯ ಊಟ ಮುಗಿಯುವ ತನಕ ಅವನ ಮುಖ ನೋಡಿರಲಿಲ್ಲ. ಅಂಥದ್ದನ್ನು ಬಾಯಿಬಿಟ್ಟು ಹೇಳಿ ಹಾಳು ಮಾಡಬಾರದೆಂಬುದು ಅವನಿಗೆ ತಿಳಿಯದು.

ತುರಿಸತ್ತೆ ಎಂದು ಹುಡುಗಿ ಹೇಳಿದ್ದಳು. ಮೊದಮೊದಲು, ಎರಡು ಸಲವೋ ಮೂರು ಸಲವೋ. ಹೇಳಿದಾಗ ರಬ್ಬರಕ್ಕ ಅವಳ ಕೈಯನ್ನು ಹಣೆಯಿಂದ ಮೆಲ್ಲಗೆ ಸರಿಸಿದ್ದಳು. ಮೆಲ್ಲಗೇ ಸರಿಸಿದ್ದಳು, ಅದು ಸುಳ್ಳಲ್ಲ. ಉಗುರು ತಾಗಿದರೆ ಕಲೆ ನಿಲ್ಲುತ್ತದೆ, ಆಮೇಲೆ ಅದು ಮೊಡವೆಯ ಲೆಕ್ಕದಲ್ಲಿ ಬರುವುದಿಲ್ಲ, ಮಚ್ಚೆಯ ಲೆಕ್ಕಕ್ಕೆ ಹೋಗುತ್ತದೆ ಎಂದು ತನ್ನ ಕಸುಬಿನ ಭಾಷೆಯಲ್ಲಿ ಎಚ್ಚರಿಸಿ, ಭಾನುವಾರ ಕೂರಿಸಿಕೊಂಡು ಹತ್ತೂ ಉಗುರು ಕತ್ತರಿಸಿದ್ದಳು. ಆಮೇಲೆ ಹುಡುಗಿ ತುರಿಕೆಯ ಮಾತನ್ನೇ ಎತ್ತಲಿಲ್ಲ. ಹೇಳಬೇಕಾದದ್ದನ್ನು ಅವಳು ಹೇಳಿದ್ದಳು. ಕೇಳಬೇಕಾದವಳು ಬಾಯಿ ಮುಚ್ಚಿಸಿದ್ದಳು. ಇದನ್ನು ಯೋಚಿಸುತ್ತಿದ್ದಾಗ ಅದರ ಹಿಂದಿನಿಂದ, ಅವಳು ಒಮ್ಮೆಯೂ ಪೂರ್ತಿ ಮುಖ ಕೊಟ್ಟು ನೋಡದ ಇನ್ನೊಂದು ನೆನಪು ಬಂದು ನಿಂತಿತು. ಮೂರು ತಿಂಗಳ ಕೆಳಗೆ ಅಕ್ಕನಿಗೆ ಆಪರೇಷನ್ ಆದಾಗ ಹನ್ನೆರಡು ದಿನ ಅವಳ ಮನೆಯಲ್ಲಿದ್ದು ಬಂದಿದ್ದಳು. ವಾಪಸು ಬಂದ ಬೆಳಿಗ್ಗೆ ಬಾಗಿಲು ತೆರೆದ ಹುಡುಗಿಯ ಹಣೆ ಅರ್ಧಕ್ಕರ್ಧ ತಿಳಿಯಾಗಿತ್ತು. ಸಂತೋಷವಾಗಬೇಕಿತ್ತು. ಆಗಿರಲಿಲ್ಲ. ಎದೆ ಧಸಕ್ಕೆಂದಿತ್ತು, ಇನ್ನು ಸ್ಟೂಲು ಎಳೆದುಕೊಂಡು ಇವಳು ಕೂರುವುದಿಲ್ಲವೆಂದು. ‘ನೋಡು, ಎಣ್ಣೆ ನಿಧಾನಕ್ಕೆ ಕೆಲಸ ಮಾಡತ್ತೆ, ಈಗ ಬಿಡಬಾರದು’ ಎಂದು ಆ ಸಂಜೆಯೇ ಬಟ್ಟಲು ಒಲೆಯ ಮೇಲಿಟ್ಟಿದ್ದಳು. ಮತ್ತೆ ಎರಡೇ ವಾರಕ್ಕೆ ಗುಳ್ಳೆಗಳು ಎದ್ದವು. ಎದ್ದಾಗ ಅವಳೊಳಗಿನ ಯಾವುದೋ ಒಂದು ಮೂಲೆ ನಿಟ್ಟುಸಿರು ಬಿಟ್ಟಿತ್ತೇ? ಬಿಟ್ಟಿತ್ತು. ಅವಳು ಕೆಟ್ಟವಳೇನಲ್ಲ. ಆದರೂ ಬಿಟ್ಟಿತ್ತು.

ಪೋಸ್ಟರು ಸರಿಯಾಗಿ, ಗುಳ್ಳೆಗಳು ಇದ್ದಲ್ಲೇ ಇದ್ದು, ಎರಡನೆಯ ಸಲ ಅಚ್ಚಾಗುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಡಾಕ್ಟರು ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟಾಗ ರಬ್ಬರಕ್ಕ ಬಾಗಿಲ ತನಕ ಹೋಗಿ, ಮನೆಯಲ್ಲಿ ಒಂದು ಹುಡುಗಿ ಇದ್ದಾಳೆ, ಅವಳಿಗೂ ಹೀಗೇ ಇದೆ ಎಂದಳು. ಯಾರ ಹುಡುಗಿ ಎಂದು ಅವರು ಕೇಳಿದರು, ಸುಮ್ಮನೆ, ಕೇಳಬೇಕಾದ್ದಕ್ಕೆ ಕೇಳುವ ಹಾಗೆ. ನಮ್ಮ ಮನೆಯವರ ಮಗಳು ಎಂದಳು ರಬ್ಬರಕ್ಕ. ಆ ಮಾತು ಬಾಯಿಂದ ಬಿದ್ದ ಮೇಲೆ ಅದರ ಸದ್ದು ಅವಳಿಗೇ ಕೇಳಿಸಿತು. ಎಣ್ಣೆ ಹಚ್ಚುವಾಗ ಮಗಳು, ಹಣೆ ಕೆಟ್ಟಿತೆಂದ ಕೂಡಲೆ ಮನೆಯವರ ಮಗಳು. ಡಾಕ್ಟರು ಅರೆಗಳಿಗೆ ಅವಳನ್ನು ನೋಡಿ, ದೂರದಿಂದ ಹೇಳಲಾಗುವುದಿಲ್ಲ, ಕೆಲವರಿಗೆ ಎರಡೂ ಒಟ್ಟಿಗೆ ಇರುತ್ತವೆ, ನಾಳೆ ನಾಲ್ಕಕ್ಕೆ ಕರೆದುಕೊಂಡು ಬನ್ನಿ ಎಂದರು. ಮೆಟ್ಟಿಲಿಳಿದ ಮೇಲೆ ತಿರುಗಿ, ಅಲ್ಲಿಯ ತನಕ ಎಣ್ಣೆ ಮುಟ್ಟಿಸಬೇಡಿ ಎಂದರು.

ಊಟದ ಡಬ್ಬಿ ತೆರೆಯದೆ ಅವಳು ಮತ್ತೆ ಕಂಪ್ಯೂಟರಿನ ಮುಂದೆ ಕೂತಳು. ಹುಡುಗಿಯ ಕಾಲೇಜಿನ ವರ್ಷದ ಆಲ್ಬಮ್ಮಿನ ಕೆಲಸ ಇದೇ ಸ್ಟುಡಿಯೋಗೆ ಬಂದಿತ್ತು. ನೂರನಲವತ್ತು ಮುಖಗಳಲ್ಲಿ ಒಂದನ್ನು ಮಾತ್ರ ಅವಳು ನಾಲ್ಕು ದಿನದಿಂದ ಮುಂದೂಡುತ್ತ ಬಂದಿದ್ದಳು. ಕಳೆದ ವರ್ಷ ಹುಡುಗಿಯ ಗುರುತಿನ ಚೀಟಿಯ ಫೋಟೋವನ್ನು ತಾನೇ ಕೂತು, ಒಂದು ಗಂಟೆ ತೆಗೆದುಕೊಂಡು, ಯಾವ ಗಿರಾಕಿಗೂ ಮಾಡದಷ್ಟು ನಾಜೂಕಾಗಿ ತಿದ್ದಿ ಕೊಟ್ಟಿದ್ದಳು. ಹುಡುಗಿ ಅದನ್ನು ನೋಡಿ, ಚೆನ್ನಾಗಿದೆ ಎಂದು, ಮೇಜಿನ ಮೇಲೆ ಬೋರಲು ಹಾಕಿ ಹೋಗಿದ್ದಳು. ನೀನು ಇರುವ ಹಾಗೆ ಇದ್ದರೆ ಸಾಲದು ಎಂದು ಒಂದು ಗಂಟೆ ಕೂತು ಹೇಳಿದ ಹಾಗಾಗಿತ್ತು ಅದು, ಮತ್ತು ಅದು ತಿಳಿದದ್ದು ಆ ಬೋರಲು ಬಿದ್ದ ಕಾಗದವನ್ನು ನೋಡಿದ ಮೇಲೆ. ಈ ಸಲ ಹುಡುಗಿ ಹಣೆಯ ಮೇಲೆ ಕೂದಲು ಕತ್ತರಿಸಿ ಇಳಿಬಿಟ್ಟಿದ್ದಳು. ಹ್ಯಾಂಡ್‌ಬಾಲ್ ತಂಡವನ್ನು ಬಿಟ್ಟದ್ದೂ ಅದಕ್ಕೇ. ಆಡುವಾಗ ಪಟ್ಟಿ ಕಟ್ಟಿ ಕೂದಲನ್ನು ಹಿಂದಕ್ಕೆ ತಳ್ಳಬೇಕಲ್ಲ. ಓದು ಜಾಸ್ತಿಯಾಯಿತು ಎಂದು ಅಪ್ಪನಿಗೆ ಹೇಳಿದ್ದಳು. ಆದರೆ ಫೋಟೋದವನು ಕೂದಲು ಸರಿಸು ಎಂದಿರಬೇಕು, ಮುಖ ಪೂರ್ತಿ ಕಾಣುತ್ತಿತ್ತು. ರಬ್ಬರಕ್ಕ ಅದನ್ನು ಮೂರು ಪಟ್ಟು ದೊಡ್ಡದು ಮಾಡಿದಳು. ಕೆನ್ನೆ ಸ್ವಚ್ಛ. ಗದ್ದ ಸ್ವಚ್ಛ. ಗುಳ್ಳೆಗಳು ಹಣೆಯ ನಡುವಿನಿಂದ ಕಣತಲೆಗೆ, ಕಣತಲೆಯಿಂದ ಕಿವಿಯ ಮುಂದಕ್ಕೆ ಬಂದು, ಅಲ್ಲಿ ನಿಂತಿದ್ದವು. ಮೂರು ಬೆರಳಗಲ. ತನ್ನ ಕೈಬರಹವನ್ನು ಬೇರೆ ಯಾರದೋ ಕಾಗದದಲ್ಲಿ ಕಂಡ ಹಾಗಾಯಿತು ಅವಳಿಗೆ. ಒಂದೊಂದು ಒತ್ತಿಗೆ ಒಂದೊಂದರಂತೆ, ಅರ್ಧ ಗಂಟೆಯಲ್ಲಿ ಅದನ್ನೆಲ್ಲ ಇಲ್ಲವಾಗಿಸಬಹುದಿತ್ತು, ಅವಳಷ್ಟು ಚೆನ್ನಾಗಿ ಅದನ್ನು ಮಾಡಬಲ್ಲವರು ಆ ಊರಿನಲ್ಲೇ ಇರಲಿಲ್ಲ. ಅವಳು ಒಂದನ್ನೂ ಮುಟ್ಟದೆ ಚಿತ್ರವನ್ನು ಮುಚ್ಚಿದಳು.

ಮನೆಯ ದಾರಿಯಲ್ಲಿ ಅವಳು ಸುಳ್ಳುಗಳನ್ನು ಒಂದೊಂದಾಗಿ ಹಾಕಿ ನೋಡಿದಳು, ಅಂಗಡಿಯಲ್ಲಿ ಚಪ್ಪಲಿ ಹಾಕಿ ನೋಡುವ ಹಾಗೆ. ಎಣ್ಣೆ ಮುಗಿದಿದೆ ಎನ್ನಬಹುದು. ನಾಳೆ ಹೊಸ ಬಾಟಲಿ ಬರುತ್ತದೆ. ಎಣ್ಣೆಯ ಕಂಪನಿಯವರೇ ಏನೋ ಕಲಬೆರಕೆ ಮಾಡಿದ್ದಾರೆ ಎನ್ನಬಹುದು, ಆಗ ತಪ್ಪು ಕಂಪನಿಯದು. ಏನೂ ಹೇಳದೆ ಸುಮ್ಮನೆ ನಿಲ್ಲಿಸಬಹುದು. ಆದರೆ ಕಾರಣವಿಲ್ಲದೆ ಕೈ ಹಿಂದಕ್ಕೆ ಸರಿದರೆ, ಇವಳಿಗೂ ಬೇಸರ ಬಂತು ಎಂದುಕೊಂಡು ಹುಡುಗಿ ಒಳಕೋಣೆ ಸೇರುತ್ತಾಳೆ, ಮತ್ತೆ ಹೊರಗೆ ಬರುವುದಿಲ್ಲ. ನಿಜ ಹೇಳಿದರೆ? ನಿಜ ಹೇಳಿದರೆ ಆಗುವುದು ಒಂದೇ. ಮಲತಾಯಿ ಎಂಬ ಒಂದು ಮಾತು, ನಾಲ್ಕು ವರ್ಷದಿಂದ ಆ ಮನೆಯ ಹೊಸ್ತಿಲಾಚೆ ಕೂತು ಕಾಯುತ್ತಿರುವ ಮಾತು, ಎದ್ದು ಒಳಗೆ ಬರುತ್ತದೆ. ಹುಡುಗಿ ಅದನ್ನು ಬಾಯಲ್ಲಿ ಹೇಳುವವಳಲ್ಲ. ಹೇಳದೆ, ಎದುರಿಗೆ ಬಂದು ನಿಂತು, ತಲೆಯೆತ್ತುವ ತನಕ ಕಾಯುತ್ತಾಳೆ. ಅದಕ್ಕಿಂತ ಹೇಳಿಬಿಡುವುದೇ ವಾಸಿ. ರಸ್ತೆ ದಾಟುವಾಗ ಸೈಕಲ್ಲಿನವನೊಬ್ಬ, ಕಣ್ಣು ಕಾಣಿಸಲ್ವೇನಮ್ಮ ಎಂದು ಬೈದು ಹೋದ. ಒಂದೇ ದಿನದಲ್ಲಿ ಅವಳ ಕಣ್ಣಿನ ಮಾತೆತ್ತಿದ ಎರಡನೆಯವನು. ಅವಳಿಗೆ ಅಂಥ ಹೊತ್ತಿನಲ್ಲೂ ಸಣ್ಣಗೆ ನಗು ಬಂತು.

ಗಂಡ ಲಿಫ್ಟ್ ರಿಪೇರಿಯವನು. ಯಾವುದೋ ಕಟ್ಟಡದಲ್ಲಿ ಎರಡು ಮಹಡಿಗಳ ನಡುವೆ ಲಿಫ್ಟ್ ಸಿಕ್ಕಿಕೊಂಡಿದೆ, ಬರುವುದು ತಡ ಎಂದು ಫೋನು ಮಾಡಿದ್ದ. ಅಡುಗೆಮನೆಯ ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಹುಡುಗಿ ಒಲೆಯ ಮುಂದೆ ನಿಂತು ಬಟ್ಟಲನ್ನು ಇಕ್ಕಳದಲ್ಲಿ ಹಿಡಿದುಕೊಂಡಿದ್ದಳು. ಎಣ್ಣೆಯನ್ನು ಅವಳೇ ಬೆಚ್ಚಗೆ ಮಾಡಿದ್ದಳು, ಹಿಂದೆ ಯಾವತ್ತೂ ಮಾಡಿದವಳಲ್ಲ. ಇದೇ ದಿನ ಮಾಡಬೇಕೇ ಎಂದು ರಬ್ಬರಕ್ಕನಿಗೆ ಅಳು ಬಂದ ಹಾಗಾಯಿತು.

“ಇವತ್ತು ಎಣ್ಣೆ ಬೇಡ,” ಎಂದಳು.

ಹುಡುಗಿ ಒಲೆ ಆರಿಸಿದಳು. ಬಟ್ಟಲನ್ನು ಕಟ್ಟೆಯ ಮೇಲಿಟ್ಟು, ಇಕ್ಕಳವನ್ನು ಮೊಳೆಗೆ ತೂಗುಹಾಕಿ, ಹಣೆಯ ಕೂದಲನ್ನು ಕೈಯಿಂದ ಕೆಳಕ್ಕೆ ಎಳೆದುಕೊಂಡಳು. ಆ ಮುಖ ಮುಚ್ಚಿಕೊಳ್ಳುವುದನ್ನು ಕಂಡ ಮೇಲೆ, ದಾರಿಯುದ್ದ ಹಾಕಿ ನೋಡಿದ್ದ ಸುಳ್ಳುಗಳಲ್ಲಿ ಒಂದೂ ರಬ್ಬರಕ್ಕನ ಕಾಲಿಗೆ ಸರಿಹೋಗಲಿಲ್ಲ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಪೋಸ್ಟರಿನ ಎರಡು ಮುಖ, ತಾನು ಅಳಿಸಿ ನಗೆಪಾಟಲಾದದ್ದು, ಬೂಷ್ಟು, ಅದರ ಬಿಸಿ ಊಟ, ತುರಿಸತ್ತೆ ಎಂದಾಗ ತಾನು ಉಗುರು ಕತ್ತರಿಸಿದ್ದು, ಆಲ್ಬಮ್ಮಿನ ಫೋಟೋದಲ್ಲಿ ಮೂರು ಬೆರಳಗಲದ ದಾರಿ. ಅಕ್ಕನ ಮನೆಯಿಂದ ಬಂದ ಬೆಳಿಗ್ಗೆ ಎದೆ ಧಸಕ್ಕೆಂದದ್ದನ್ನೂ ಬಿಡಲಿಲ್ಲ. ಅದನ್ನು ಹೇಳುವಾಗ ಹುಡುಗಿಯ ಕಡೆ ನೋಡಲಾಗದೆ ಸಿಂಕಿನ ನಲ್ಲಿಯನ್ನು ನೋಡುತ್ತ ಹೇಳಿದಳು.

“ನಿನ್ನ ಹಣೆ ಹೀಗೆ ಮಾಡಿದ್ದು ನಾನು. ಬೇಕು ಅಂತ ಅಲ್ಲ. ಆದ್ರೆ ನಾನೇ.”

ಹುಡುಗಿಯ ಕೈ ಹಣೆಗೆ ಹೋಗಿ, ಅರ್ಧದಲ್ಲಿ ನಿಂತು, ಕೆಳಗಿಳಿಯಿತು.

“ಗೊತ್ತಿತ್ತು,” ಎಂದಳು.

“ಏನು ಗೊತ್ತಿತ್ತು?”

“ಎಣ್ಣೆ ಹಚ್ಚಿದ್ರೆ ಜಾಸ್ತಿ ಆಗತ್ತೆ ಅಂತ. ಮೊದಲ್ನೇ ತಿಂಗಳೇ ಗೊತ್ತಾಯ್ತು. ರಾತ್ರಿ ಎದ್ದು ಹೋಗಿ ತಣ್ಣೀರಲ್ಲಿ ತೊಳ್ಕೊಂಡು ಬರ್ತಿದ್ದೆ.”

ರಬ್ಬರಕ್ಕನಿಗೆ ಸಿಟ್ಟು ಬಂತು, ಅವಳು ಎಣಿಸಿರದ ಸಿಟ್ಟು. ಏಳು ತಿಂಗಳು. ಆಟ ಬಿಟ್ಟು, ಗೆಳತಿಯರನ್ನು ಬಿಟ್ಟು, ಕನ್ನಡಿಯ ಮೇಲೆ ಟವೆಲು ಹಾಕಿಕೊಂಡು, ದಿನಾ ಸಂಜೆ ಬಂದು ಅದೇ ಎಣ್ಣೆಗೆ ತಲೆ ಕೊಡುವುದೆಂದರೆ ಏನು ಹುಚ್ಚು ಇದು.

“ಹೇಳ್ಬಾರ್ದಿತ್ತಾ? ಒಂದು ಮಾತು?”

ಹುಡುಗಿ ಬಟ್ಟಲಿನ ಅಂಚನ್ನು ಬೆರಳಿನಿಂದ ಸುತ್ತು ಹಾಕುತ್ತಿದ್ದಳು.

“ಹೇಳಿದ್ರೆ ನೀವು ನಿಲ್ಲಿಸ್ಬಿಡ್ತಿದ್ರಿ.”

ರಬ್ಬರಕ್ಕ ಅಳುತ್ತಿದ್ದಳು, ಮುಚ್ಚಿಕೊಳ್ಳುವ ಗೋಜಿಗೆ ಹೋಗದೆ, ಮೂಗು ಸೋರಿಸಿಕೊಂಡು, ಚಂದವಲ್ಲದ ಅಳು. ಇಬ್ಬರೂ ಒಂದೇ ಕಾರಣಕ್ಕೆ ಸುಮ್ಮನಿದ್ದು ಒಂದು ಹಣೆಯನ್ನು ಇಷ್ಟು ದಿನ ಕಾಡಿದ್ದೇವಲ್ಲ ಎಂದು ಅವಳಿಗೆ ಸಂಕಟವೂ ಆಯಿತು, ಇಡೀ ಮೈ ಹಗುರವೂ ಆಯಿತು. ಯಾವುದು ಎಷ್ಟು ಎಂದು ಬಿಡಿಸಿ ಹೇಳಲು ಆಗುತ್ತಿರಲಿಲ್ಲ. ನಾಳೆ ನಾಲ್ಕಕ್ಕೆ ಡಾಕ್ಟರ ಹತ್ತಿರ ಹೋಗಬೇಕು ಎಂದಳು. ನೀವೇ ಬನ್ನಿ, ಅಪ್ಪ ಬೇಡ, ಅಪ್ಪ ಅಲ್ಲಿ ಕೂತು ಜೋಕು ಹೊಡೀತಾರೆ ಎಂದಳು ಹುಡುಗಿ. ಬಟ್ಟಲಿನ ಎಣ್ಣೆಯನ್ನು ಬಾಟಲಿಗೆ ತಿರುಗಿ ಸುರಿದು, ಮುಚ್ಚಳ ಬಿಗಿಮಾಡಿ, ಮೇಲಿನ ಕಪಾಟಿಗೆ ಇಟ್ಟಳು. ಆಮೇಲೆ ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು, ಬೆನ್ನು ಮಾಡಿ ಕೂತಳು.

“ಬರೀ ಕೈಲಿ ತಲೆ ಒತ್ತಿದ್ರೆ,” ಎಂದು ತಿರುಗದೆ ಕೇಳಿದಳು, “ಆ ಬೂಷ್ಟಿಗೆ ಊಟ ಏನೂ ಸಿಗಲ್ಲ ತಾನೆ?”

ರಬ್ಬರಕ್ಕ ನಲ್ಲಿ ತಿರುಗಿಸಿ, ಸೋಪು ಹಾಕಿ ಕೈಯನ್ನು ಎರಡು ಸಲ ತೊಳೆದಳು. ಬೆರಳುಗಳ ಸಂದಿಗಳನ್ನು ಒರೆಸಿಕೊಂಡಳು. ನೀರು ತಣ್ಣಗಿದ್ದುದರಿಂದ ಕೈಯೂ ತಣ್ಣಗಾಗಿತ್ತು. ಅದು ಬೆಚ್ಚಗಾಗುವ ತನಕ ಅಂಗೈಗಳನ್ನು ಒಂದಕ್ಕೊಂದು ಉಜ್ಜುತ್ತ ನಿಂತಳು. ಹುಡುಗಿ ಕಣ್ಣು ಮುಚ್ಚಿ, ತಲೆಯನ್ನು ಹಿಂದಕ್ಕೆ ಚಾಚಿ ಕಾಯುತ್ತಿದ್ದಳು.